ಬಿಡಾರದ ಮುಂದಿನ ಅಂಗೈಯಗಲ ನೆಲ

ಕೆಟ್ಟು ಪಟ್ಟಣ ಸೇರು ಎಂಬ ಗಾದೆಯನ್ನು ನಂಬಿಯೋ ನಂಬದೆಯೋ ನಾವೆಲ್ಲ ಪಟ್ಟಣ ಸೇರಿದ್ದಾಯಿತು. ಹಿತ್ತಲು ಊರಿನಲ್ಲೇ ಉಳಿಯಿತು. ಹಿತ್ತಲಿನ ಆಸೆ ಮಾತ್ರ ಟ್ರಂಕಿನೊಡನೆ ರೈಲು ಹತ್ತಿ ಬಂದುಬಿಟ್ಟಿತು. ಮುಂಬಯಿಯ ಚಾಳಿನ ಗ್ಯಾಲರಿಯಲ್ಲಿ ಎಣ್ಣೆಡಬ್ಬದ ತುಳಸಿ, ಪುಣೆಯ ವಠಾರದ ಮೂಲೆಯಲ್ಲಿ ಕರಿಬೇವು, ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನ ಮುಂದೆ ನಾಲ್ಕು ಮಾರು ಗರಿಕೆಹುಲ್ಲು, ಹೀಗೆ ನಮ್ಮವರ ಬಿಡಾರ ಎಲ್ಲಿದೆಯೋ ಅಲ್ಲಿ ಒಂದಿಷ್ಟು ಹಸುರು ಇದ್ದೇ ಇರುತ್ತದೆ.

ಆದರೆ ಇದಕ್ಕಾಗಿ ಪಟ್ಟ ಶ್ರಮ ಎಷ್ಟೋ ಕಡೆ ವ್ಯರ್ಥವಾಗುತ್ತದೆ. ಗಿಡ ಸತ್ತರೆ "ಈ ಊರಿನ ನೀರೇ ಸರಿಯಿಲ್ಲ" ಎಂದು ಹೇಳಿ ಸುಮ್ಮನಾಗುತ್ತೇವೆ. ನಷ್ಟ ಒಂದು ಗಿಡದ್ದೇ ಆದರೆ ಅಷ್ಟು ಚಿಂತೆಯಿಲ್ಲ. ಕೆಲವು ತಪ್ಪುಗಳಿಂದ ಮನೆಯ ಮಕ್ಕಳಿಗೆ ಜ್ವರ ಬರುವುದುಂಟು. ಕೆಳಗಿನ ಮನೆಯವರೊಡನೆ ಮನಸ್ತಾಪ, ದಂಡ, ಕೊನೆಗೆ ಬಾಡಿಗೆ ಮನೆಗೇ ಸಂಚಕಾರ ಬರುವುದೂ ಉಂಟು. ಆದುದರಿಂದ ಸಾಮಾನ್ಯವಾಗಿ ನಡೆಯುವ ತಪ್ಪುಗಳನ್ನೂ ಅವುಗಳಿಗೆ ಖರ್ಚಿಲ್ಲದ ಪರಿಹಾರಗಳನ್ನೂ ಇಲ್ಲಿ ಹೇಳಿದೆ.

ನೀರು

ಮೊದಲನೆಯ ತಪ್ಪು, ದಿನವೂ ಚೂರುಪಾರು ನೀರು ಚಿಮುಕಿಸುವುದು. ಹೀಗೆ ಮಾಡಿದರೆ ಮೇಲಿನ ಮಣ್ಣು ಮಾತ್ರ ನೆನೆಯುತ್ತದೆ. ಬೇರು ನೀರಿದ್ದಲ್ಲಿಗೇ ಹೋಗುವುದರಿಂದ ಅದೂ ಮೇಲೆಯೇ ಹರಡಿಕೊಳ್ಳುತ್ತದೆ. ಒಂದು ದಿನ ನೀರು ತಪ್ಪಿದರೆ ಗಿಡ ಬಾಡುತ್ತದೆ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ನೋಡಿರಿ. ಒಳಗೆ ಒಣಗಿದ್ದರೆ ಮಾತ್ರ ನೀರು ಕೊಡಿರಿ. ಕೊಟ್ಟಾಗ ಚೆನ್ನಾಗಿ ಕೊಡಿರಿ. ಹುಲ್ಲಿನ ಅಂಗಳವಾದರೆ ಒಂದು ಚದರ ಮೀಟರು ನೆಲಕ್ಕೆ ಹತ್ತು ಲೀಟರಿನ ಎರಡು ಬಕೆಟ್ ನೀರು ಹಾಕುವುದೂ 20 ಮಿಲಿಮೀಟರು ಮಳೆ ಬೀಳುವುದೂ ಒಂದೇ. ಬೆಳಗಿನ ಹೊತ್ತು ಇದಕ್ಕೆ ಉತ್ತಮ.

ನಲ್ಲಿಯಲ್ಲಿ ನೀರು ಬರುವುದೇ ಎರಡು ಗಂಟೆಯಾದರೆ ಏನು ಮಾಡುವುದು? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಒಳ್ಳೆಯದೇ. ಬಟ್ಟೆ ಒಗೆದ ಸೋಪಿನ ನೀರನ್ನು ಮಾತ್ರ ಸುರಿಯಬಾರದು. ಅದರಲ್ಲಿರುವ ಸೋಡ ಕ್ರಮೇಣ ಮಣ್ಣನ್ನು ಗಟ್ಟಿಮಾಡಿ ನೀರಿಳಿಯದಂತೆ ಮಾಡುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರೂ ಬೇಡ.

ತಟ್ಟೆಯಲ್ಲಿ ನಿಂತ ನೀರು

ಇದು ಎಲ್ಲಕ್ಕಿಂತ ಅಪಾಯದ ತಪ್ಪು. ಕುಂಡದ ಕೆಳಗಿನ ತಟ್ಟೆ, ಮೂಲೆಯಲ್ಲಿಟ್ಟ ಖಾಲಿ ಡಬ್ಬ, ತೆಂಗಿನ ಚಿಪ್ಪು, ಹಳೆಯ ಟೈರು ಇವುಗಳಲ್ಲಿ ನಿಂತ ತಿಳಿನೀರಿನಲ್ಲೇ ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಬೆಳೆಯುತ್ತದೆ. ಇದು ಹಗಲಲ್ಲಿ ಕಚ್ಚುವ ಸೊಳ್ಳೆ; ರಾತ್ರಿಯ ಸೊಳ್ಳೆಪರದೆಯೊಂದನ್ನೇ ನಂಬಿದರೆ ಸಾಲದು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಹೀಗಿರುವುದರಿಂದ ವಾರಕ್ಕೊಮ್ಮೆ ತಪ್ಪದೆ ತಟ್ಟೆಗಳನ್ನು ಖಾಲಿ ಮಾಡತಕ್ಕದ್ದು. ಬರಿದೆ ನೀರು ಚೆಲ್ಲಿದರೆ ಕೆಲಸ ಮುಗಿಯಲಿಲ್ಲ. ಮೊಟ್ಟೆಗಳು ನೀರಿನ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದೊಡನೆ ಒಡೆಯುತ್ತವೆ. ನಾರಿನಿಂದ ತಿಕ್ಕಿ ತೊಳೆಯಿರಿ, ಇಲ್ಲವೆ ತಟ್ಟೆಗೆ ಮರಳು ತುಂಬಿಬಿಡಿರಿ. ಭಾನುವಾರದ ರಜೆಯಲ್ಲಿ ಹತ್ತು ನಿಮಿಷ ಇದಕ್ಕೆಂದು ತೆಗೆದಿಟ್ಟರೆ ಆಸ್ಪತ್ರೆಯ ಹಾದಿ ತಪ್ಪೀತು.

ಡಬ್ಬ ಮತ್ತು ಭಾರ

ಹದಿನೈದು ಕಿಲೋ ಎಣ್ಣೆಯ ಡಬ್ಬಕ್ಕೆ ಮಣ್ಣು ತುಂಬಿ ನೀರು ಹಾಕಿದರೆ ಅದು ಸುಮಾರು 25 ಕಿಲೋ ತೂಗುತ್ತದೆ. ಹತ್ತು ಡಬ್ಬಗಳೆಂದರೆ 250 ಕಿಲೋ. ನಾಲ್ಕು ಮಂದಿ ದೊಡ್ಡವರು ಹಗಲಿರುಳೂ ಗ್ಯಾಲರಿಯಲ್ಲಿ ನಿಂತಂತೆ. ಹಳೆಯ ಚಾಳಿನ ಮರದ ತೊಲೆಗಳಿಗೆ ಇದು ಸಣ್ಣ ಮಾತಲ್ಲ. ಡಬ್ಬಗಳು ಕೆಲವೇ ಇರಲಿ, ಗೋಡೆಯ ಕಡೆಗೆ ಇರಲಿ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿದರೆ ಭಾರ ಕಡಿಮೆಯಾಗುತ್ತದೆ. ಕಟಾಂಜನದ ಮೇಲೆ ಕುಂಡವನ್ನು ಎಂದಿಗೂ ಇಡಬೇಡಿರಿ. ಗಾಳಿಗೆ ಬಿದ್ದರೆ ಕೆಳಗೆ ಹೋಗುತ್ತಿರುವವರ ಜೀವಕ್ಕೇ ಅಪಾಯ.

ಡಬ್ಬದ ತಳಕ್ಕೆ ನಾಲ್ಕೈದು ತೂತುಗಳು ಬೇಕೇ ಬೇಕು. ಅವುಗಳ ಮೇಲೆ ಒಡೆದ ಹೆಂಚಿನ ಚೂರು ಇಟ್ಟು ಮಣ್ಣು ತುಂಬಿರಿ. ತೂತಿಲ್ಲದ ಡಬ್ಬದಲ್ಲಿ ಬೇರಿಗೆ ಗಾಳಿಯಿಲ್ಲದೆ ಅದು ಕೊಳೆಯುತ್ತದೆ. ಎಲೆ ಹಳದಿಯಾದುದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಸುರಿಯುವವರುಂಟು. ಮುಳುಗುತ್ತಿರುವವನಿಗೆ ನೀರು ಕುಡಿಸಿದಂತೆ!

ಗೊಬ್ಬರ

ಅತಿಯಾದರೆ ಅಮೃತವೂ ವಿಷ. ಹಸಿ ಸೆಗಣಿಯನ್ನು ಬುಡಕ್ಕೆ ಹಾಕಿದರೆ ಅದು ಕಳಿಯುವಾಗ ಹುಟ್ಟುವ ಬಿಸಿಗೆ ಎಳೆಯ ಬೇರು ಸುಡುತ್ತದೆ. ಚೆನ್ನಾಗಿ ಕಳಿತ ಗೊಬ್ಬರಕ್ಕೆ ನಾತವಿಲ್ಲ, ಕೈಯಿಟ್ಟರೆ ಬಿಸಿಯೂ ಇಲ್ಲ. ಮೂರು ಪಾಲು ಮಣ್ಣಿಗೆ ಅಂಥ ಗೊಬ್ಬರ ಒಂದು ಪಾಲು ಬೆರೆತರೆ ಸಾಕು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ. ಎಕರೆಗಟ್ಟಲೆ ಹೊಲಕ್ಕೆಂದು ಮಾಡಿದ ಈ ಗೊಬ್ಬರವನ್ನು ಕುಂಡಕ್ಕೆ ಹಿಡಿಗಟ್ಟಲೆ ಹಾಕಿದರೆ ಗಿಡ ಉಳಿಯದು.

ಹುಲ್ಲು

ಕ್ವಾರ್ಟರ್ಸಿನಲ್ಲಿರುವವರು ಹುಲ್ಲನ್ನು ನೆಲಕ್ಕೆ ಹತ್ತಿ ಬೋಳಿಸುವುದುಂಟು. ಮತ್ತೆ ಮತ್ತೆ ಕತ್ತರಿಸುವ ತೊಂದರೆ ತಪ್ಪಲೆಂದು. ಹುಲ್ಲಿಗೆ ಎಲೆಯೇ ಅಡಿಗೆಮನೆ. ಅದನ್ನೆಲ್ಲ ತೆಗೆದರೆ ಬೇರು ಸೊರಗಿ, ತೆರವಾದ ಜಾಗಕ್ಕೆ ಕಳೆ ಬರುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮೂರು ಅಂಗುಲವಿದ್ದರೆ ಒಂದಂಗುಲ ತೆಗೆಯಿರಿ.

ಗರಿಕೆಗೆ ಬಿಸಿಲು ಬೇಕು. ಬೇವಿನ ಮರದ ದಟ್ಟ ನೆರಳಿನಲ್ಲಿ ವರ್ಷವರ್ಷವೂ ಅದನ್ನು ನೆಟ್ಟು ನಿರಾಶರಾಗುವ ಬದಲು ಅಲ್ಲಿ ದೊಡ್ಡಪತ್ರೆಯನ್ನೋ ವೀಳ್ಯದೆಲೆಯ ಬಳ್ಳಿಯನ್ನೋ ಬೆಳೆಸಬಹುದು. ದಿಲ್ಲಿಯ ಚಳಿಯಲ್ಲಿ ಗರಿಕೆ ಕಂದಾದರೆ ಸತ್ತಿತೆಂದು ಅಗೆದುಹಾಕಬೇಡಿರಿ. ಅದು ನಿದ್ದೆ ಮಾಡುತ್ತಿರುತ್ತದೆ; ಬಿಸಿಲೇರಿದಂತೆ ಚಿಗುರುತ್ತದೆ.

ಕಾಲ ತಿಳಿದು ನೆಡುವುದು

ಊರಿನ ಪಂಚಾಂಗವನ್ನೇ ಎಲ್ಲೆಡೆಗೂ ಹಿಡಿಯಬಾರದು. ಮುಂಬಯಿಗೆ ಮಳೆ ಬರುವುದು ಜೂನಿನಲ್ಲಿ; ಚೆನ್ನೈಗೆ ಹೆಚ್ಚಿನ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಊರಿನಲ್ಲಿ ಮುಂಗಾರು ಹಿಡಿಯಿತೆಂದು ಚೆನ್ನೈಯಲ್ಲಿ ಜೂನಿನಲ್ಲಿ ಸಸಿ ನೆಟ್ಟರೆ ನೀರು ಹೊತ್ತೇ ಬದುಕಿಸಬೇಕಾದೀತು. ಮುಂಬಯಿಯಲ್ಲಿ ಜುಲೈ ಜಡಿಮಳೆಗೆ ಮುಂಚೆಯೇ ಸಸಿ ಬೇರೂರಿರಬೇಕು, ಅಂಗಳದ ಮೋರಿ ಶುಚಿಯಾಗಿರಬೇಕು.

ಮರ ಮತ್ತು ತರಗೆಲೆ

ಗೋಡೆಗೆ ಹತ್ತಿ ಮಾವು, ಹಲಸು ನೆಡಬೇಡಿರಿ. ಇಂದು ಗೇಣುದ್ದದ ಸಸಿ ನಾಳೆ ಪಾಯಕ್ಕೂ ಕೊಳವೆಗೂ ಕಂಟಕ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯನ್ನು ಎರಡೆಲೆಯಿರುವಾಗಲೇ ಕಿತ್ತು ಬೇರೆಡೆ ನೆಡಿರಿ. ಬೆಳೆದ ಮರವನ್ನಾದರೋ ತಮ್ಮಿಷ್ಟದಂತೆ ಕಡಿಯುವಂತಿಲ್ಲ. ಮಹಾರಾಷ್ಟ್ರದ ಪಟ್ಟಣಗಳಿಗೆ 1975ರ, ದಿಲ್ಲಿಗೆ 1994ರ ಮರ ಸಂರಕ್ಷಣೆಯ ಕಾನೂನುಗಳಿವೆ. ಮೊದಲು ಅನುಮತಿ ಪಡೆಯಬೇಕು.

ತರಗೆಲೆಯನ್ನು ಗುಡ್ಡೆಹಾಕಿ ಬೆಂಕಿಯಿಡುವುದು ಊರಿನ ರೂಢಿ. ಪಟ್ಟಣದಲ್ಲಿ ಆ ಹೊಗೆ ಹತ್ತು ಮನೆಗಳಿಗೆ ನುಗ್ಗುತ್ತದೆ. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿತು. ಅದರ ಬದಲು ಎಲೆಯನ್ನು ಮೂಲೆಯ ಗುಂಡಿಗೆ ಹಾಕಿ, ತರಕಾರಿ ಸಿಪ್ಪೆ ಸೇರಿಸಿ, ತೇವವಾಗಿಟ್ಟು, ಹದಿನೈದು ದಿನಕ್ಕೊಮ್ಮೆ ಮಗುಚಿರಿ. ಕೆಲವು ತಿಂಗಳಲ್ಲಿ ಕಾಸಿಲ್ಲದ ಗೊಬ್ಬರ ಸಿದ್ಧವಾಗುತ್ತದೆ.

ರಜೆಗೆ ಹೋಗುವಾಗ

ಮೇ ತಿಂಗಳ ರಜೆಗೆ ಊರಿಗೆ ಹೊರಟಾಗಲೇ ಅನೇಕರ ವರ್ಷದ ದುಡಿಮೆ ಒಣಗುವುದು. ಹೊರಡುವ ಮುನ್ನ ಕುಂಡಗಳನ್ನೆಲ್ಲ ನೆರಳಿನಲ್ಲಿ ಒತ್ತಾಗಿ ಜೋಡಿಸಿ, ಚೆನ್ನಾಗಿ ನೀರು ಹಾಕಿ, ಮಣ್ಣಿನ ಮೇಲೆ ಎರಡಂಗುಲ ತರಗೆಲೆ ಹೊದಿಸಿರಿ. ಕೆಳಗಿನ ತಟ್ಟೆಗಳನ್ನು ತೆಗೆದು ಕವುಚಿಡಿರಿ. ಇಷ್ಟರಿಂದ ಕೆಲವು ದಿನ ತಡೆದೀತು, ತಿಂಗಳು ತಡೆಯದು. ಪಕ್ಕದ ಮನೆಯವರನ್ನು ಕೇಳಿಕೊಳ್ಳಿರಿ. ಅವರ ಭಾಷೆ ಮರಾಠಿಯೋ ತಮಿಳೋ ತೆಲುಗೋ ಹಿಂದಿಯೋ ಆಗಿರಲಿ, "ಎರಡು ತಂಬಿಗೆ ನೀರು ಹಾಕಿ" ಎಂಬ ಮಾತು ಕೈಸನ್ನೆಯಲ್ಲೂ ತಿಳಿಯುತ್ತದೆ. ಬರುವಾಗ ಅವರಿಗೆ ಊರಿನಿಂದ ಒಂದು ಬಸಲೆಯ ಕಡ್ಡಿ ತಂದುಕೊಡಿರಿ. ಮಣ್ಣಿಗೆ ಚುಚ್ಚಿ ನೀರು ಹಾಕಿದರೆ ಅದು ಬೇರು ಬಿಡುತ್ತದೆ. ಮುಂದಿನ ರಜೆಗೆ ಅವರು ಹೊರಟಾಗ ನೀರು ಹಾಕುವ ಸರದಿ ನಮ್ಮದು.