ಕರೆಯ ಹಿಂದಿನ ಲೆಕ್ಕ: ಬೃಹತ್ ತಂತ್ರಜ್ಞಾನ ಸಂಸ್ಥೆಗಳಲ್ಲಿ ಮಾರಾಟದ ಮೊದಲ ಮೆಟ್ಟಿಲು

ಅಂಗಡಿಯಲ್ಲಿ ಗಿರಾಕಿಗಳು ತುಂಬಿರುವ ಹೊತ್ತು. ದೂರವಾಣಿ ಮೊಳಗುತ್ತದೆ. ಅತ್ತ ಕಡೆಯಿಂದ ವಿನಯಪೂರ್ವಕವಾದ ಯುವಧ್ವನಿಯೊಂದು, "ಸರ್, ಎರಡು ನಿಮಿಷ ಮಾತನಾಡಬಹುದೇ? ದಾಸ್ತಾನಿನ ಲೆಕ್ಕವನ್ನು ಈಗ ಯಾವ ತಂತ್ರಾಂಶದಲ್ಲಿ ಇಡುತ್ತಿದ್ದೀರಿ?" ಎಂದು ಕೇಳುತ್ತದೆ. ವರ್ತಕರು "ಈಗ ಬೇಡ" ಎಂದು ಹೇಳಿ ಕರೆಯನ್ನು ಮುಗಿಸುತ್ತಾರೆ. ಆ "ಬೇಡ" ಎಂಬ ಉತ್ತರವೂ ಅತ್ತ ಕಡೆಯ ಗಣಕದಲ್ಲಿ ದಿನಾಂಕ ಸಹಿತ ದಾಖಲಾಗುತ್ತದೆ. ಮುಂದಿನ ಕರೆ ಎಂದು ಬರಬೇಕೆಂಬುದೂ ಅಲ್ಲಿಯೇ ನಿಗದಿಯಾಗುತ್ತದೆ.

ಆ ಧ್ವನಿ ಬಹುತೇಕ ಆಗಷ್ಟೇ ಪದವಿ ಮುಗಿಸಿದ ಯುವಕ ಅಥವಾ ಯುವತಿಯದು. ನಮ್ಮ ವರ್ತಕ ಕುಟುಂಬಗಳ ಮಕ್ಕಳೂ ಇಂದು ಇಂತಹ ಹುದ್ದೆಗಳನ್ನು ಅರಸಿ ಬೆಂಗಳೂರಿಗೆ ತೆರಳುತ್ತಿದ್ದಾರೆ. ಇದೇ ಪದ್ಧತಿಯನ್ನು ತಮ್ಮ ಸಣ್ಣ ಉದ್ದಿಮೆಗಳಿಗೆ ಅಳವಡಿಸಿಕೊಳ್ಳಲು ಬಯಸುವ ಮಾಲೀಕರೂ ಇದ್ದಾರೆ. ಆದ್ದರಿಂದ ಈ ಉದ್ಯೋಗದ ಸ್ವರೂಪವನ್ನೂ ಅದರ ಹಿಂದಿನ ಲೆಕ್ಕವನ್ನೂ ಅರಿಯುವುದು ಇಬ್ಬರಿಗೂ ಅಗತ್ಯ.

ಪದ್ಧತಿಯ ಮೂಲ

ಮಾರಾಟಗಾರನಿಗೆ ಇಂತಿಷ್ಟು ಪ್ರದೇಶ, ಇಂತಿಷ್ಟು ಗುರಿ, ಬಾಯಿಪಾಠ ಮಾಡಬೇಕಾದ ಮಾತಿನ ಮಾದರಿ ಎಂಬ ವ್ಯವಸ್ಥೆ ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಡೇಟನ್ ನಗರದಲ್ಲಿ 1884ರಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯನ್ನು ಕಟ್ಟಿದ ಜಾನ್ ಪ್ಯಾಟರ್ಸನ್ ಇದನ್ನು ಶಿಸ್ತುಬದ್ಧವಾಗಿ ಜಾರಿಗೆ ತಂದವರಲ್ಲಿ ಪ್ರಮುಖರು. ಅಂಗಡಿಗಳ ಗಲ್ಲಾಪೆಟ್ಟಿಗೆಯ ಜಾಗದಲ್ಲಿ ಯಂತ್ರವನ್ನು ಕೂರಿಸಲು ಅವರ ಪ್ರತಿನಿಧಿಗಳು ಊರೂರು ಅಲೆದರು. ಅಲ್ಲಿ ಪಳಗಿದ ಥಾಮಸ್ ವಾಟ್ಸನ್ 1914ರಲ್ಲಿ ಬೇರೊಂದು ಸಂಸ್ಥೆಯ ಚುಕ್ಕಾಣಿ ಹಿಡಿದರು. ಅದೇ ಸಂಸ್ಥೆ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಹೀಗೆ ಗಲ್ಲಾ ಯಂತ್ರದ ಮಾರಾಟ ವಿಧಾನವು ಗಣಕಯಂತ್ರದ ಉದ್ಯಮಕ್ಕೆ ಬಳುವಳಿಯಾಗಿ ಬಂದಿತು.

ಕೆಲಸದ ವಿಂಗಡಣೆ

ಹಿಂದೆ ಒಬ್ಬನೇ ಮಾರಾಟಗಾರ ಗ್ರಾಹಕನನ್ನು ಹುಡುಕಿ, ಮಾತನಾಡಿಸಿ, ವ್ಯವಹಾರ ಕುದುರಿಸುತ್ತಿದ್ದ. 1999ರಲ್ಲಿ ಆರಂಭವಾದ ಸೇಲ್ಸ್‌ಫೋರ್ಸ್ ಸಂಸ್ಥೆಯಲ್ಲಿ ಗ್ರಾಹಕರನ್ನು ಹುಡುಕುವುದಕ್ಕೆಂದೇ ಪ್ರತ್ಯೇಕ ತಂಡವನ್ನು ಬೆಳೆಸಲಾಯಿತು. ಆ ತಂಡವನ್ನು ಕಟ್ಟಿದ ಆರನ್ ರಾಸ್ 2011ರಲ್ಲಿ ಈ ಕುರಿತು ಸಹಲೇಖಕಿಯೊಂದಿಗೆ ಗ್ರಂಥವನ್ನೂ ಪ್ರಕಟಿಸಿದರು. ಬಳಿಕ ಈ ವಿಂಗಡಣೆ ತಂತ್ರಾಂಶ ಉದ್ಯಮದಲ್ಲಿ ವ್ಯಾಪಕವಾಗಿ ಹರಡಿತು.

ಹೊಸಬರನ್ನು ಸಾಮಾನ್ಯವಾಗಿ ಈ ಮೊದಲ ಹಂತಕ್ಕೆ ನೇಮಿಸುತ್ತಾರೆ. ಇವರು ಏನನ್ನೂ ನೇರವಾಗಿ ಮಾರುವುದಿಲ್ಲ. ಹಿರಿಯ ಮಾರಾಟಗಾರರಿಗೆ ಗ್ರಾಹಕರ ಭೇಟಿಯನ್ನು ಗೊತ್ತುಪಡಿಸಿಕೊಡುತ್ತಾರೆ. ಗ್ರಾಹಕನ ಬಳಿ ಹಣವಿದೆಯೇ, ಮಾತನಾಡುತ್ತಿರುವವರಿಗೆ ನಿರ್ಧರಿಸುವ ಅಧಿಕಾರವಿದೆಯೇ, ನಿಜವಾದ ಅಗತ್ಯವಿದೆಯೇ, ಯಾವಾಗ ಕೊಳ್ಳಬಹುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ಆ ಭೇಟಿ "ಅರ್ಹ" ಎನಿಸುತ್ತದೆ. ಅನುಭವಿ ವರ್ತಕ ಗಿರಾಕಿಯ ಮುಖ ನೋಡಿಯೇ ತಿಳಿಯುವ ಸಂಗತಿಯನ್ನು ಇಲ್ಲಿ ಪ್ರಶ್ನಾವಳಿಯ ಮೂಲಕ ತಿಳಿಯಬೇಕಾಗುತ್ತದೆ.

ದಿನಚರಿ

ಬೆಳಗ್ಗೆ ಗಣಕದ ಪರದೆಯ ಮೇಲೆ ಹೆಸರುಗಳ ಪಟ್ಟಿ ಸಿದ್ಧವಿರುತ್ತದೆ. ಕರೆ, ಮಿಂಚಂಚೆ, ಪುನಃ ಕರೆ. ಹಲವು ಕರೆಗಳನ್ನು ಯಾರೂ ಸ್ವೀಕರಿಸುವುದಿಲ್ಲ. ಸ್ವೀಕರಿಸಿದವರಲ್ಲಿ ಹೆಚ್ಚಿನವರಿಗೆ ಬಿಡುವಿಲ್ಲ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಗ್ರಾಹಕರನ್ನು ಸಂಪರ್ಕಿಸುವವರಿಗೆ ಕೆಲಸ ಆರಂಭವಾಗುವುದೇ ಸಂಜೆಯ ಮೇಲೆ. ಆಸ್ಟ್ರೇಲಿಯಾ ವಿಭಾಗದವರು ಸೂರ್ಯೋದಯಕ್ಕೆ ಮುನ್ನವೇ ಹೊರಡಬೇಕು. ಎಷ್ಟು ಕರೆ ಮಾಡಲಾಯಿತು, ಎಷ್ಟು ನಿಮಿಷ ಮಾತುಕತೆ ನಡೆಯಿತು, ಎಷ್ಟು ಭೇಟಿ ಗೊತ್ತಾಯಿತು ಎಂಬುದೆಲ್ಲ ತಂಡದ ಮುಂದೆ ಪ್ರದರ್ಶಿತವಾಗುವುದುಂಟು.

ಇದರಲ್ಲಿ ಕಲಿಕೆಯೂ ಅಪಾರ. ಅಪರಿಚಿತರೊಡನೆ ಸಂಕೋಚವಿಲ್ಲದೆ ಮಾತನಾಡುವುದು, ನಿರಾಕರಣೆಯನ್ನು ಮನಸ್ಸಿಗೆ ಹಚ್ಚಿಕೊಳ್ಳದಿರುವುದು, ಒಂದು ಉದ್ಯಮದ ಕಷ್ಟವನ್ನು ಐದು ನಿಮಿಷದಲ್ಲಿ ಗ್ರಹಿಸುವುದು ಯಾವ ತರಗತಿಯಲ್ಲೂ ದೊರೆಯದ ವಿದ್ಯೆ. ಮಾತು ಬಲ್ಲವ ಮಾಣಿಕ್ಯ ತಂದ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಒಂದೆರಡು ವರ್ಷ ನಿಂತು ಗುರಿ ಸಾಧಿಸಿದವರಿಗೆ ನೇರ ಮಾರಾಟದ ಹುದ್ದೆಗೆ ಬಡ್ತಿಯ ಅವಕಾಶವಿರುತ್ತದೆ. ಈಚೆಗೆ ಪಟ್ಟಿ ಸಿದ್ಧಪಡಿಸುವುದು, ಮೊದಲ ಮಿಂಚಂಚೆ ಬರೆಯುವುದು ಮುಂತಾದ ಕೆಲಸಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ವಹಿಸಿಕೊಳ್ಳುತ್ತಿರುವುದರಿಂದ, ಕೇವಲ ಸಂಖ್ಯೆ ತುಂಬಿಸುವವರಿಗಿಂತ ವ್ಯವಹಾರ ಬಲ್ಲವರಿಗೇ ಭವಿಷ್ಯ ಹೆಚ್ಚು.

ವೇತನದ ಲೆಕ್ಕ

ನೇಮಕಾತಿ ಪತ್ರದಲ್ಲಿ ಕಾಣುವ ದೊಡ್ಡ ಅಂಕಿಯಲ್ಲಿ ಎರಡು ಭಾಗಗಳಿರುತ್ತವೆ: ನಿಗದಿತ ವೇತನ ಮತ್ತು ಗುರಿ ತಲುಪಿದರೆ ಮಾತ್ರ ದೊರೆಯುವ ಪ್ರೋತ್ಸಾಹಧನ. ವಾರ್ಷಿಕ ರೂ. 10 ಲಕ್ಷದ ಒಂದು ಕಾಲ್ಪನಿಕ ನಿದರ್ಶನವನ್ನು ನೋಡೋಣ. ಇದರಲ್ಲಿ ರೂ. 7 ಲಕ್ಷ ನಿಗದಿತ, ರೂ. 3 ಲಕ್ಷ ಪ್ರೋತ್ಸಾಹಧನ. ಅಂದರೆ ತ್ರೈಮಾಸಿಕಕ್ಕೆ ರೂ. 75,000. ಗುರಿ 30 ಅರ್ಹ ಭೇಟಿಗಳು; ಒಂದು ಭೇಟಿಯ ಮೌಲ್ಯ ರೂ. 2,500. ನೂರು ಕರೆಗೆ ಒಂದು ಭೇಟಿ ಕೂಡಿಬಂದರೆ 3,000 ಕರೆಗಳು ಬೇಕು. ತ್ರೈಮಾಸಿಕದಲ್ಲಿ 60 ಕೆಲಸದ ದಿನಗಳಿದ್ದರೆ ದಿನಕ್ಕೆ 50 ಕರೆ. ಎರಡು ದಿನ ದುಡಿದರೆ ಒಂದು "ಆಗಲಿ" ಎಂಬ ಉತ್ತರ.

ಈ ಯೋಜನೆಯಲ್ಲಿ ಶೇ. 70ಕ್ಕಿಂತ ಕಡಿಮೆ ಸಾಧನೆಗೆ ಏನೂ ಇಲ್ಲವೆಂಬ ಷರತ್ತಿದೆಯೆಂದು ಭಾವಿಸಿದರೆ, 21 ಭೇಟಿ ತಂದವರಿಗೆ ರೂ. 52,500, 20 ಭೇಟಿ ತಂದವರಿಗೆ ಸೊನ್ನೆ. ನಾಲ್ಕೂ ತ್ರೈಮಾಸಿಕಗಳಲ್ಲಿ 20ಕ್ಕೇ ನಿಂತರೆ ಹತ್ತು ಲಕ್ಷದ ಉದ್ಯೋಗ ಏಳು ಲಕ್ಷದ ಉದ್ಯೋಗವಾಗುತ್ತದೆ. ಮನೆ ಸಾಲದ ಕಂತನ್ನು ಹತ್ತು ಲಕ್ಷದ ಆಧಾರದ ಮೇಲೆ ಲೆಕ್ಕ ಹಾಕಿದ ಕುಟುಂಬಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಕೆಲವು ಒಪ್ಪಂದಗಳಲ್ಲಿ ಗ್ರಾಹಕ ಹಿಂದೆ ಸರಿದರೆ ಕೊಟ್ಟ ಪ್ರೋತ್ಸಾಹಧನವನ್ನು ಮರಳಿ ಪಡೆಯುವ ಷರತ್ತೂ ಇರುತ್ತದೆ.

ಗುರಿ ಮೀರಿದವರಿಗೆ ಮಿತಿ ಹಾಕಿದರೆ ಏನಾಗಬಹುದೆಂಬುದಕ್ಕೆ ರಾಸ್ ಪೆರೋ ಅವರ ಪ್ರಸಂಗ ಪ್ರಸಿದ್ಧ. ಐಬಿಎಂನ ಮಾರಾಟಗಾರರಾಗಿದ್ದ ಅವರು 1962ರ ಇಡೀ ವರ್ಷದ ಗುರಿಯನ್ನು ಜನವರಿಯಲ್ಲಿಯೇ ಪೂರೈಸಿದರು. ಮುಂದೆ ಗಳಿಕೆಗೆ ದಾರಿಯಿರಲಿಲ್ಲ. ಅದೇ ವರ್ಷ ಹೊರಬಂದು ಅವರು ಸ್ಥಾಪಿಸಿದ ಇಡಿಎಸ್ ಸಂಸ್ಥೆಯನ್ನು 1984ರಲ್ಲಿ ಜನರಲ್ ಮೋಟಾರ್ಸ್ 250 ಕೋಟಿ ಡಾಲರಿಗೆ ಕೊಂಡಿತು.

1990ರ ಪಾಠ

ಪ್ರೋತ್ಸಾಹಧನವನ್ನು ಯಾವುದರ ಮೇಲೆ ಲೆಕ್ಕ ಹಾಕಬೇಕು ಎಂಬುದು ಇದಕ್ಕಿಂತ ಗಹನವಾದ ಪ್ರಶ್ನೆ. ಒರಾಕಲ್ ಸಂಸ್ಥೆಯ ಮಾರಾಟಗಾರರು 1980ರ ದಶಕದ ಕೊನೆಯಲ್ಲಿ ಗ್ರಾಹಕರಿಗೆ ಸಾಧ್ಯವಾದಷ್ಟು ಹೆಚ್ಚು ತಂತ್ರಾಂಶವನ್ನು ಒಮ್ಮೆಲೇ ಒಪ್ಪಿಸುತ್ತಿದ್ದರು. ಮುಂದೆ ಆಗಬೇಕಾದ ಮಾರಾಟವೂ ಚಾಲ್ತಿ ತ್ರೈಮಾಸಿಕದ ಲೆಕ್ಕಕ್ಕೆ ಸೇರುತ್ತಿತ್ತು. ಪ್ರೋತ್ಸಾಹಧನವೂ ಅದಕ್ಕೆ ತಕ್ಕಂತೆ ಏರುತ್ತಿತ್ತು. ನಿರೀಕ್ಷಿತ ಮಾರಾಟ ಕೈಗೂಡದಿದ್ದಾಗ 1990ರಲ್ಲಿ ಸಂಸ್ಥೆ ಸಂಕಷ್ಟಕ್ಕೆ ಸಿಲುಕಿತು. ಗಳಿಕೆಯ ಅಂಕಿಗಳನ್ನು ತಿದ್ದಿ ಮರುಪ್ರಕಟಿಸಬೇಕಾಯಿತು. ಸಿಬ್ಬಂದಿಯಲ್ಲಿ ಶೇ. 10ರಷ್ಟು, ಅಂದರೆ ಸುಮಾರು 400 ಮಂದಿ ಕೆಲಸ ಕಳೆದುಕೊಂಡರು.

ಆ ಮಾರಾಟಗಾರರು ಸಂಸ್ಥೆ ಯಾವುದನ್ನು ಅಳೆಯಿತೋ ಅದನ್ನೇ ತಂದುಕೊಟ್ಟಿದ್ದರು. "ಇಂದು ನಗದು, ನಾಳೆ ಉದ್ರಿ" ಎಂಬ ನಮ್ಮ ಅಂಗಡಿಗಳ ಫಲಕದಲ್ಲಿರುವ ವಿವೇಕ ಅಲ್ಲಿನ ಪ್ರೋತ್ಸಾಹಧನದ ಸೂತ್ರದಲ್ಲಿರಲಿಲ್ಲ. ಆದೇಶ ಬರೆಸಿಕೊಂಡ ದಿನವೇ ಕಮಿಷನ್ ಕೊಡುವ ಸಣ್ಣ ಉದ್ದಿಮೆದಾರರೂ ಇದೇ ಅಪಾಯದಲ್ಲಿದ್ದಾರೆ: ಕಮಿಷನ್ ನಗದಾಗಿ ಹೊರಗೆ ಹೋಗಿರುತ್ತದೆ, ಮಾಲಿನ ಹಣ ಖಾತೆಯಲ್ಲಿ ಬಾಕಿಯಾಗಿ ಉಳಿದಿರುತ್ತದೆ.

ಗಮನಿಸಬೇಕಾದ ಅಂಶಗಳು

1. ಉದ್ಯೋಗ ಸೇರುವವರು ನಿಗದಿತ ವೇತನವನ್ನಷ್ಟೇ ಆಧರಿಸಿ ಖರ್ಚು ಯೋಜಿಸಬೇಕು. ಕಳೆದ ವರ್ಷ ತಂಡದಲ್ಲಿ ಎಷ್ಟು ಮಂದಿ ಗುರಿ ತಲುಪಿದರು, ಕನಿಷ್ಠ ಮಿತಿ ಎಷ್ಟು, ಕಲಿಕೆಯ ಅವಧಿಯಲ್ಲಿ ಗುರಿಗೆ ರಿಯಾಯಿತಿ ಇದೆಯೇ, ಮರುವಸೂಲಿಯ ಷರತ್ತು ಏನು ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಬೇಕು.

2. ಮಾಲೀಕರು ಕಮಿಷನ್ನಿನ ಒಂದು ಭಾಗವನ್ನು ಆದೇಶಕ್ಕೂ ಉಳಿದುದನ್ನು ವಸೂಲಿಗೂ ಜೋಡಿಸುವುದು ಲೇಸು. ಷರತ್ತುಗಳು ಬರಹದಲ್ಲಿರಲಿ, ವರ್ಷದ ನಡುವೆ ಗುರಿಯನ್ನು ಏಕಪಕ್ಷೀಯವಾಗಿ ಏರಿಸುವುದರಿಂದ ಒಳ್ಳೆಯ ಮಾರಾಟಗಾರರು ಮೊದಲು ಬಿಟ್ಟುಹೋಗುತ್ತಾರೆ.

3. ನೌಕರನಿಗೆ ಕೊಡುವ ಪ್ರೋತ್ಸಾಹಧನ ವೇತನದ ಭಾಗ. ಸ್ವತಂತ್ರ ದಲ್ಲಾಳಿಗೆ ಕೊಡುವ ಕಮಿಷನ್ ಬೇರೆ. ಮೂಲದಲ್ಲಿ ತೆರಿಗೆ ಕಡಿತಕ್ಕೂ ಜಿಎಸ್‌ಟಿಗೂ ಇವೆರಡರ ನಿಯಮಗಳು ಭಿನ್ನ. ಒಂದನ್ನು ಇನ್ನೊಂದರ ಖಾತೆಗೆ ಬರೆಯಬಾರದು.

4. ತಂತ್ರಾಂಶ ಕೊಳ್ಳುವವರು ಮಾರುವವರ ವರ್ಷಾಂತ್ಯವನ್ನು ತಿಳಿದಿರಬೇಕು. ಸೇಲ್ಸ್‌ಫೋರ್ಸ್‌ನ ಲೆಕ್ಕದ ವರ್ಷ ಜನವರಿ 31ಕ್ಕೆ, ಒರಾಕಲ್‌ನದು ಮೇ 31ಕ್ಕೆ, ಮೈಕ್ರೋಸಾಫ್ಟ್‌ನದು ಜೂನ್ 30ಕ್ಕೆ ಮುಗಿಯುತ್ತದೆ. ಗುರಿಗೆ ಕೊರತೆಯಿರುವ ಆ ದಿನಗಳಲ್ಲಿ ರಿಯಾಯಿತಿಯ ಮಾತು ಸುಲಭವಾಗುತ್ತದೆ. ಆದರೆ ರಿಯಾಯಿತಿಯ ಆಸೆಗೆ ಅಗತ್ಯಕ್ಕಿಂತ ಹೆಚ್ಚು ಪರವಾನಗಿಗಳನ್ನು ಕೊಳ್ಳಬಾರದು.

ಮುಂದಿನ ಸಲ ಅಂಗಡಿಯ ದೂರವಾಣಿ ಮೊಳಗಿದಾಗ, ಬೇಕಾಗಿದ್ದರೆ ಸಮಯ ಗೊತ್ತುಪಡಿಸಿ, ಬೇಡವಾಗಿದ್ದರೆ ಸ್ಪಷ್ಟವಾಗಿ ಬೇಡವೆನ್ನಿ. "ಮುಂದಿನ ವಾರ ನೋಡೋಣ" ಎಂಬ ದಾಕ್ಷಿಣ್ಯದ ಮಾತಿಗಿಂತ ನೇರ ಉತ್ತರವೇ ಅತ್ತ ಕಡೆಯ ಯುವಕನಿಗೆ ಉಪಕಾರ. ಅವನ ದಿನದ ಐವತ್ತು ಕರೆಗಳಲ್ಲಿ ಒಂದು ಉಳಿಯುತ್ತದೆ.