ನಾಯಿ ಹೋದ ಮನೆಗೆ ಮರಿ ಬಂದಾಗ

ನಾಯಿ ಸತ್ತರೆ ಕಾಲೇಜಿನಲ್ಲಿ ರಜೆ ಕೇಳುವುದಕ್ಕೆ ಆಗುವುದಿಲ್ಲ. ಕಾರಣ ಬರೆಯುವ ಜಾಗದಲ್ಲಿ ‘ಜ್ವರ’ ಅಂತ ಬರೆಯುವವರೇ ಹೆಚ್ಚು. ಹೇಳಿಕೊಂಡರೂ ‘ಅಯ್ಯೋ, ನಾಯಿ ತಾನೆ? ಇನ್ನೊಂದು ತಂದರಾಯ್ತು ಬಿಡು’ ಎಂಬ ಉತ್ತರ ಸಿಗುತ್ತದೆ. ಅತ್ತರೆ ನಗುತ್ತಾರೆ, ಸುಮ್ಮನಿದ್ದರೆ ಕಲ್ಲುಮನಸ್ಸು ಎನ್ನುತ್ತಾರೆ. ಇಂಥ, ಸಮಾಜ ದುಃಖವೆಂದೇ ಒಪ್ಪದ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದಿದ್ದಾರೆ. ಹೇಳಿಕೊಳ್ಳಲು ಜಾಗವಿಲ್ಲದ ನೋವು ಇನ್ನಷ್ಟು ದಿನ ಉಳಿಯುತ್ತದೆ ಎಂಬುದು ಅದರ ಸಾರ.

ನಮ್ಮ ಹಿರಿಯರಿಗೆ ಈ ಸಂಕೋಚ ಇರಲಿಲ್ಲವೇನೋ! ಮೈಸೂರಿನ ಪಕ್ಕದ ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ. ಕ್ರಿ.ಶ. 949ರ ಹೊತ್ತಿನ ತಕ್ಕೋಲಂ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ವೀರ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಟ್ಟು, ಅದರ ಪೂಜೆಗೆಂದು ಭೂಮಿ ಬಿಟ್ಟರು. ನಾಯಿ ಮತ್ತು ಹಂದಿ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋದಾಗ ಬಿಡುವಿದ್ದರೆ ನೋಡಿ ಬನ್ನಿ.

ನಮ್ಮ ಕಾಲಕ್ಕೆ ಆ ಕೆಲಸ ಮಾಡಿದ್ದು 2022ರ ‘777 ಚಾರ್ಲಿ’ ಸಿನಿಮಾ. ಕಿರಣ್‌ರಾಜ್ ಕೆ. ನಿರ್ದೇಶನದ ಈ ಚಿತ್ರದ ನಾಯಕ ಧರ್ಮ ಮೈಸೂರಿನವನು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಸಿನಿಮಾ ನೋಡಿ, ಹಿಂದಿನ ವರ್ಷವಷ್ಟೇ ತೀರಿಕೊಂಡ ತಮ್ಮ ನಾಯಿಯನ್ನು ನೆನೆದು ಕಣ್ಣೀರಿಟ್ಟದ್ದು ಸುದ್ದಿಯಾಗಿತ್ತು. ಚಾರ್ಲಿ ಹೋದ ಮೇಲೆ ಧರ್ಮನ ಕೈಗೆ ಅವಳ ಮರಿ ಬರುತ್ತದೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಆದರೆ ಮನೆಗಳಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ.

ನಮ್ಮ ಮನೆ ಇರುವುದು ಲಷ್ಕರ್ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಂದ ರಾಜು, ನಾನು ಡಿಗ್ರಿ ಮುಗಿಸಿದ ವರ್ಷ ಹೋದ. ಹನ್ನೆರಡು ವರ್ಷ. ಜಾತಿನಾಯಿ ಏನಲ್ಲ, ಅಪ್ಪಟ ಬೀದಿನಾಯಿ. ಅವನು ಹೋದ ಮೇಲೆ ಅಪ್ಪ ಸಂಜೆಯ ವಾಕಿಂಗ್ ನಿಲ್ಲಿಸಿದರು. ‘ಒಬ್ಬನೇ ಏನು ಸುತ್ತೋದು’ ಅನ್ನುವುದು ಅವರ ನೆಪ. ಮೂರು ತಿಂಗಳಿಗೆ ಶುಗರ್ ಏರಿತು. ಅಮ್ಮ ಮಾತ್ರ ಮೊದಲ ದೋಸೆಯನ್ನು ಪಕ್ಕಕ್ಕೆ ಎತ್ತಿಡುವುದು ಬಿಡಲಿಲ್ಲ. ಅದು ಮಧ್ಯಾಹ್ನದವರೆಗೆ ಅಲ್ಲೇ ಒಣಗುತ್ತಿತ್ತು. ‘ಇನ್ನು ಈ ಮನೆಗೆ ನಾಯಿ ಬೇಡ ಕಣೋ. ಸಾಕೋದು ಕಷ್ಟ ಅಲ್ಲ, ಕಳಿಸೋದು ಕಷ್ಟ’ ಎಂದಿದ್ದರು.

ಮಳೆಗಾಲದಲ್ಲಿ ಓಣಿಯ ಗ್ಯಾರೇಜಿನ ಹಿಂದೆ ಬೀದಿನಾಯಿಯೊಂದು ಮರಿ ಹಾಕಿತು. ಗಂಡು ಮರಿಗಳನ್ನು ಯಾರು ಯಾರೋ ಒಯ್ದರು. ಉಳಿದದ್ದು ಒಂದು ಹೆಣ್ಣು. ಹೆಣ್ಣು ನಾಯಿಮರಿ ಅಂದರೆ ಇವತ್ತಿಗೂ ಮೂಗು ಮುರಿಯುವವರೇ ಜಾಸ್ತಿ. ಅಪ್ಪ ದಿನಾ ಪೇಪರ್ ತರುವ ನೆಪದಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದುದು ಗ್ಯಾರೇಜಿನವರಿಂದ ನಮಗೆ ಗೊತ್ತಾಯಿತು!

ಆ ರಾತ್ರಿ ಮನೆಯಲ್ಲಿ ಚರ್ಚೆ. ನಾನು ಕೆಲಸ ಹುಡುಕುತ್ತಿರುವವನು. ಅಮ್ಮನ ಪ್ರಶ್ನೆ ನೇರವಾಗಿತ್ತು: ‘ನೀನು ಇವತ್ತಲ್ಲ ನಾಳೆ ಬೆಂಗಳೂರಿಗೆ ಹೋಗ್ತೀಯ. ಇದು ಹನ್ನೆರಡು ವರ್ಷ ಇರುತ್ತೆ. ನನಗೀಗ ಐವತ್ನಾಲ್ಕು. ಲೆಕ್ಕ ಹಾಕು.’ ಲೆಕ್ಕ ಹಾಕಿದೆ. ಅರವತ್ತಾರು. ಅಪ್ಪನಿಗೆ ಎಪ್ಪತ್ತು ದಾಟಿರುತ್ತದೆ. ‘ನಾನು ನೋಡ್ಕೋತೀನಿ’ ಅಂತ ಹೇಳಿಬಿಡುವುದು ಸುಲಭ. ಪಿ.ಜಿ.ಯಲ್ಲಿ ನಾಯಿಗೆ ಜಾಗ ಕೊಡುವವರು ಯಾರು?

ಕೊನೆಗೆ ಒಪ್ಪಂದವಾಯಿತು. ವಾಕಿಂಗ್ ಅಪ್ಪನದು, ಊಟ ಅಮ್ಮನದು. ಡಾಕ್ಟರು, ಲಸಿಕೆಯ ಖರ್ಚು ನನ್ನ ಟ್ಯೂಷನ್ ದುಡ್ಡಿನಲ್ಲಿ. ಇಬ್ಬರಿಗೂ ಆಗದ ದಿನ ಬಂದರೆ, ನಾನು ಎಲ್ಲಿದ್ದರೂ ನಾಯಿ ಸಾಕಲು ಬಿಡುವ ಮನೆ ಹುಡುಕಿ ಅವಳನ್ನು ಕರೆದುಕೊಂಡು ಹೋಗಬೇಕು. ಅದಕ್ಕೆ ಬಾಡಿಗೆ ಜಾಸ್ತಿಯಾದರೂ ಸರಿ. ಪಕ್ಕದ ಬೀದಿಯ ಚಿಕ್ಕಮ್ಮ, ಊರಿಗೆ ಹೋದಾಗ ನೋಡಿಕೊಳ್ಳಲು ಒಪ್ಪಿದರು.

ಮೊದಲ ವಾರ ಅಪ್ಪ ಬಾಯಿ ತಪ್ಪಿ ‘ರಾಜು’ ಎಂದೇ ಕರೆಯುತ್ತಿದ್ದರು. ಅದೇ ಹೆಸರಿಡೋಣ ಎಂದಾಗ ಅಮ್ಮ ಒಪ್ಪಲಿಲ್ಲ. ‘ಅವನ ಹೆಸರು ಅವನಿಗೇ ಇರಲಿ.’ ಹಾಗಾಗಿ ಇವಳು ಪುಟ್ಟಿ. ರಾಜು ಗಂಭೀರ, ಇವಳು ಚಪ್ಪಲಿ ಕಳ್ಳಿ. ಅವನು ಪಟಾಕಿಗೆ ಕಣ್ಣು ಮಿಟುಕಿಸುತ್ತಿರಲಿಲ್ಲ, ಇವಳು ಕುಕ್ಕರ್ ಸೀಟಿಗೇ ಮಂಚದಡಿ ಸೇರುತ್ತಾಳೆ. ಮರಿಯಲ್ಲಿ ಹಳೆಯ ನಾಯಿಯನ್ನು ಹುಡುಕಿದರೆ ನಮಗೂ ಬೇಸರ, ಮರಿಗೂ ಅನ್ಯಾಯ. ಎಷ್ಟು ದಿನ ಕಾಯಬೇಕು ಎಂಬುದಕ್ಕೂ ನಿಯಮವಿಲ್ಲ. ಕೆಲವರಿಗೆ ತಿಂಗಳು ಸಾಕು, ಕೆಲವರಿಗೆ ವರ್ಷ ಬೇಕು. ಮನೆಯಲ್ಲಿ ಒಬ್ಬರು ಇನ್ನೂ ಅಳುತ್ತಿದ್ದಾಗ ‘ಸರ್‌ಪ್ರೈಸ್’ ಅಂತ ಮರಿ ತಂದು ಮಡಿಲಲ್ಲಿಡುವುದು ಬೇಡ.

ಇನ್ನು ಕೆಲವು ಕೆಲಸದ ಮಾತು. ಹಿಂದಿನ ನಾಯಿ ಪಾರ್ವೊದಂಥ ಸೋಂಕಿನಿಂದ ಸತ್ತಿದ್ದರೆ ಅವಸರ ಮಾಡಬೇಡಿ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಮಾಮೂಲಿ ಸೋಪಿಗೆ ಬಗ್ಗುವುದಿಲ್ಲ. ಹಾಸಿಗೆ, ತಟ್ಟೆ ಎಸೆದು, ನೆಲವನ್ನು ಬ್ಲೀಚ್ ಹಾಕಿ ತೊಳೆದು, ಪಶುವೈದ್ಯರನ್ನು ಕೇಳಿಯೇ ಮರಿ ತನ್ನಿ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಮರಿಯನ್ನು ಬೇರೆ ಮಾಡಬಾರದು. ಮೊದಲ ಲಸಿಕೆ 6ರಿಂದ 8 ವಾರದೊಳಗೆ. ಆಮೇಲೆ 16 ವಾರ ಆಗುವವರೆಗೆ 3–4 ವಾರಕ್ಕೊಮ್ಮೆ. ಸುಮಾರು ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಜಂತುಹುಳುವಿನ ಔಷಧಿಯನ್ನೂ ಮರೆಯುವಂತಿಲ್ಲ. ಲಸಿಕೆ ಮುಗಿಯುವ ಮುನ್ನ ಬೀದಿಯ ಮಣ್ಣಿನಲ್ಲಿ ಆಡಲು ಬಿಡಬೇಡಿ. ಹೆಣ್ಣು ಮರಿಯಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಊಟ ದಿನಕ್ಕೆ ಮೂರ್ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷ. ಕೇಸರಿಬಾತಿನ ಒಣದ್ರಾಕ್ಷಿಯೂ ಸೇರಿದಂತೆ! ಮರಿಯ ಹಲ್ಲು ತಾಗಿ ಗಾಯವಾದರೆ ‘ಚಿಕ್ಕದು ತಾನೆ’ ಎನ್ನದೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಗೆಳೆಯರೇ, ನಮ್ಮ ವಯಸ್ಸಿನವರು ಮರಿ ತರುವುದು ಉತ್ಸಾಹದಲ್ಲಿ, ಬಿಟ್ಟು ಹೋಗುವುದು ಆಫರ್ ಲೆಟರ್ ಬಂದಾಗ. ಆಮೇಲೆ ಅದನ್ನು ಸಾಕುವವರು ಅಪ್ಪ ಅಮ್ಮ. ಅದಕ್ಕೇ ಮರಿಯನ್ನು ಎತ್ತಿಕೊಳ್ಳುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿ. ಯಾರು ಏಳುತ್ತಾರೆ, ಯಾರು ಕೊಡುತ್ತಾರೆ, ಯಾರೂ ಇಲ್ಲದಾಗ ಯಾರು? ಇಷ್ಟಕ್ಕೆ ಉತ್ತರ ಸಿಕ್ಕರೆ ಧೈರ್ಯವಾಗಿ ತನ್ನಿ. ಸಾವಿರಾರು ರೂಪಾಯಿಯ ಜಾತಿನಾಯಿಯೇ ಆಗಬೇಕೆಂದಿಲ್ಲ, ನಿಮ್ಮ ಓಣಿಯಲ್ಲೇ ಒಂದು ಕಾಯುತ್ತಿರಬಹುದು.

ಮುಂದಿನ ವಾರ ನನಗೆ ಇಂಟರ್‌ವ್ಯೂ ಇದೆ. ಅಪ್ಪ ಈಗ ಸಂಜೆ ಪುಟ್ಟಿಯ ಜೊತೆ ಚರ್ಚಿನವರೆಗೆ ನಡೆದು ಬರುತ್ತಾರೆ. ಶುಗರ್ ಇನ್ನೂ ಪೂರ್ತಿ ಇಳಿದಿಲ್ಲ. ರಾಜುವಿನ ಫೋಟೊ ಟಿ.ವಿ. ಪಕ್ಕದಲ್ಲೇ ಇದೆ. ಮೊದಲ ದೋಸೆ ಮಾತ್ರ ಈಗ ಒಣಗುವುದಿಲ್ಲ.