ಎಲ್.ಇ.ಡಿ. ದೀಪಗಳ ಡ್ರೈವರ್: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮಮುಖ್ಯಸ್ಥರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮಗಳಲ್ಲಿ ಈಗ ಬೀದಿಯ ಕಂಬದ ಮೇಲೂ, ಮನೆಯ ಜಗಲಿಯಲ್ಲೂ, ದನದ ಕೊಟ್ಟಿಗೆಯಲ್ಲೂ, ಅಡಿಕೆ ಸುಲಿಯುವ ಅಂಗಳದಲ್ಲೂ ಎಲ್.ಇ.ಡಿ. ದೀಪಗಳೇ ಉರಿಯುತ್ತಿರುವುದು ಸರ್ವರಿಗೂ ತಿಳಿದ ಸಂಗತಿ. 2015ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯೂ ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಯೋಜನೆಯೂ ಆರಂಭವಾದ ತರುವಾಯ, ಹಳೆಯ ತಂತಿಯ ಬಲ್ಬು ಬಹುಮಟ್ಟಿಗೆ ಮರೆಯಾಗಿದೆ. 9 ವ್ಯಾಟಿನ ಎಲ್.ಇ.ಡಿ. ದೀಪವು 60 ವ್ಯಾಟಿನ ಹಳೆಯ ಬಲ್ಬಿಗೆ ಕಡಮೆಯಿಲ್ಲದ ಬೆಳಕನ್ನು ಕೊಡುವುದರಿಂದ, ಇದರಲ್ಲಿ ಉಳಿತಾಯವುಂಟೆಂಬುದನ್ನು ಯಾರೂ ಅಲ್ಲಗಳೆಯರು.

ಆದರೂ ಗ್ರಾಮಾಂತರಗಳಲ್ಲಿ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಹತ್ತು ವರ್ಷ ಬಾಳುವುದೆಂದು ನಂಬಿ ತಂದ ದೀಪ ಒಂದು ಮಳೆಗಾಲವನ್ನೂ ದಾಟಲಿಲ್ಲವೆಂಬುದೇ ಆ ದೂರು. ಇಂಥ ದೀಪವನ್ನು ಬಿಚ್ಚಿ ನೋಡಿದರೆ, ಬೆಳಕನ್ನು ಕೊಡತಕ್ಕ ಹಳದಿ ಬಿಲ್ಲೆಗಳು ಅನೇಕ ವೇಳೆ ಕೆಟ್ಟಿರುವುದಿಲ್ಲ. ಅವುಗಳಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಚಿಕ್ಕ ಮಂಡಲವು ಸುಟ್ಟಿರುತ್ತದೆ. ಇದನ್ನೇ ಡ್ರೈವರ್ ಎನ್ನುತ್ತಾರೆ. ದೀಪದ ಆಯುಸ್ಸು ಡ್ರೈವರಿನ ಆಯುಸ್ಸೇ ಆದುದರಿಂದ, ದೀಪ ಕೊಳ್ಳುವವರು ಬೆಳಕಿಗಿಂತ ಮೊದಲು ಡ್ರೈವರನ್ನು ವಿಚಾರಿಸತಕ್ಕದ್ದು. ಈ ಲೇಖನದ ತಾತ್ಪರ್ಯವೂ ಇಷ್ಟೇ.

ಡ್ರೈವರ್ ಎಂದರೇನು

ಹಳೆಯ ಬಲ್ಬಿನಲ್ಲಿ ಕಾದ ತಂತಿಯೇ ಬೆಳಗುತ್ತಿತ್ತು. ಎಲ್.ಇ.ಡಿ.ಯಲ್ಲಿ ಹಾಗಲ್ಲ. ಇದರಲ್ಲಿ ನೀಲಿ ಬೆಳಕನ್ನು ಕೊಡುವ ಹರಳೊಂದಿದ್ದು, ಅದರ ಮೇಲಿನ ಹಳದಿ ಲೇಪವು ಆ ಬೆಳಕನ್ನು ಬಿಳಿಯದಾಗಿ ಮಾರ್ಪಡಿಸುತ್ತದೆ. ಇಂಥ ನೀಲಿ ಹರಳನ್ನು ಸಾಧಿಸಿದ್ದಕ್ಕಾಗಿಯೇ ಅಕಾಸಾಕಿ, ಅಮಾನೋ ಮತ್ತು ನಾಕಾಮುರಾ ಎಂಬ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಹರಳಿಗೆ ಬೇಕಾದದ್ದು ಸುಮಾರು 3 ವೋಲ್ಟ್ ಮಾತ್ರ. ನಮ್ಮ ಮನೆಗೆ ಬರುವುದು 230 ವೋಲ್ಟ್. ಇದಲ್ಲದೆ, ಹರಳಿಗೆ ಕೊಡುವ ವೋಲ್ಟೇಜು ಸ್ವಲ್ಪವೇ ಏರಿದರೂ ಅದರೊಳಗೆ ಹರಿಯುವ ಪ್ರವಾಹವು ಬಹಳ ಹೆಚ್ಚುತ್ತದೆ. ಪ್ರವಾಹ ಹೆಚ್ಚಿದರೆ ಹರಳು ಕಾಯುತ್ತದೆ. ಕಾದರೆ ಪ್ರವಾಹವು ಮತ್ತಷ್ಟು ಹೆಚ್ಚುತ್ತದೆ. ಕಡೆಗೆ ಹರಳು ಸುಡುತ್ತದೆ.

ಅಂಜನಾಪುರ ಜಲಾಶಯದ ನೀರಿನಲ್ಲಿ ಗದ್ದೆ ಮಾಡುವವರಿಗೂ, ಕೆರೆಯಡಿಯ ಸಾಗುವಳಿದಾರರಿಗೂ ಇದನ್ನು ತಿಳಿಸುವುದು ಸುಲಭ. ಕೆರೆ ಕೋಡಿಬಿದ್ದಾಗಲೂ, ನೀರು ತಳಕ್ಕಿಳಿದಾಗಲೂ, ಗದ್ದೆಗೆ ಬೇಕಾದ ನೀರಿನ ಅಳತೆ ಒಂದೇ. ಜಾಣನಾದ ನೀರುಗಂಟಿಯು ತೂಬನ್ನು ಏರಿಸುತ್ತಲೂ ಇಳಿಸುತ್ತಲೂ ಆ ಅಳತೆಯನ್ನು ಕಾಯುತ್ತಾನೆ. ಡ್ರೈವರ್ ಎಂಬುದು ದೀಪದ ನೀರುಗಂಟಿ. ಲೈನಿನ ವೋಲ್ಟೇಜು ಎಷ್ಟೇ ಏರಿಳಿದರೂ ಹರಳುಗಳಿಗೆ ಒಂದೇ ಅಳತೆಯ ಪ್ರವಾಹವನ್ನು ಬಿಡುವುದೇ ಅದರ ಕೆಲಸ.

ಮೂರು ಬಗೆಯ ಡ್ರೈವರುಗಳು

ಮೊದಲನೆಯದು ಕಂಡೆನ್ಸರ್ ಬಗೆ. ಇದರಲ್ಲಿ ಲೈನಿಗೂ ಹರಳುಗಳಿಗೂ ನಡುವೆ ಒಂದು ಕಂಡೆನ್ಸರನ್ನು ಇಟ್ಟು ಪ್ರವಾಹವನ್ನು ತಡೆಯುತ್ತಾರೆ. 50 ಆವರ್ತದ ನಮ್ಮ ವಿದ್ಯುತ್ತಿನಲ್ಲಿ 1 ಮೈಕ್ರೋಫ್ಯಾರಡ್ ಕಂಡೆನ್ಸರು ಸುಮಾರು 3,180 ಓಮ್ ತಡೆಯನ್ನು ಒಡ್ಡಿ, 230 ವೋಲ್ಟಿನಲ್ಲಿ ಸುಮಾರು 70 ಮಿಲಿ ಆಂಪಿಯರ್ ಪ್ರವಾಹವನ್ನು ಬಿಡುತ್ತದೆ. ಇದು ಬಹಳ ಅಗ್ಗ. ಆದರೆ ಇದರಲ್ಲಿ ನೀರುಗಂಟಿಯಿಲ್ಲ; ತೂಬು ಒಂದೇ ಅಳತೆಗೆ ತೆರೆದಿರುತ್ತದೆ. ಲೈನಿನ ವೋಲ್ಟೇಜು ಏರಿದಂತೆಲ್ಲ ಪ್ರವಾಹವೂ ಏರುತ್ತದೆ. ಸಿಡಿಲಿನಿಂದಲೋ ಮೋಟಾರಿನಿಂದಲೋ ಬರುವ ಕ್ಷಣಿಕವಾದ ಹೊಡೆತವನ್ನು ಈ ಕಂಡೆನ್ಸರು ಹೆಚ್ಚುಕಡಮೆ ತಡೆಯಿಲ್ಲದೆಯೇ ಒಳಗೆ ಬಿಟ್ಟುಬಿಡುತ್ತದೆ.

ಎರಡನೆಯದು, ಪೇಟೆಯಲ್ಲಿ ಡಿ.ಓ.ಬಿ. ಎಂದು ಕರೆಯಲ್ಪಡುವ ಬಗೆ. ಹರಳುಗಳಿರುವ ತಗಡಿನ ಮೇಲೆಯೇ ಒಂದು ಚಿಕ್ಕ ನಿಯಂತ್ರಕವು ಕುಳಿತಿರುತ್ತದೆ. ಇದು ಪ್ರವಾಹವನ್ನು ಕಾಯುವುದೇನೋ ನಿಜ. ಆದರೆ ಹೆಚ್ಚಾದ ವೋಲ್ಟೇಜನ್ನು ಶಾಖವಾಗಿ ಕಳೆಯುತ್ತದೆ. ಲೈನು ಏರಿದಷ್ಟೂ ದೀಪ ಕಾಯುತ್ತದೆ.

ಮೂರನೆಯದು ಸ್ವಿಚಿಂಗ್ ಬಗೆ. ಇದರಲ್ಲಿ ಲೈನಿನ ವಿದ್ಯುತ್ತನ್ನು ಮೊದಲು ಏಕಮುಖ ಮಾಡಿ, ಬಳಿಕ ಒಂದು ಟ್ರಾನ್ಸಿಸ್ಟರಿನ ಮೂಲಕ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸುತ್ತಾರೆ. ಹರಳುಗಳಲ್ಲಿ ಹರಿಯುವ ಪ್ರವಾಹವನ್ನು ನಿಯಂತ್ರಕವು ಎಡೆಬಿಡದೆ ಅಳೆದು, ಹೆಚ್ಚಾದರೆ ಕಡಿತದ ಅವಧಿಯನ್ನು ಬೆಳೆಸಿ, ಕಡಮೆಯಾದರೆ ಮೊಟಕಿಸಿ ಸರಿತೂಗಿಸುತ್ತದೆ. ಇಂಥ ಒಳ್ಳೆಯ ಡ್ರೈವರಿನ ಮೇಲೆ 100ರಿಂದ 300 ವೋಲ್ಟ್ ಎಂಬಂತೆ ವಿಸ್ತಾರವಾದ ಮಿತಿಯನ್ನು ಮುದ್ರಿಸಿರುತ್ತಾರೆ. ವೋಲ್ಟೇಜು ಏರಿಳಿಯುವ ಗ್ರಾಮಗಳಿಗೆ ಇದೇ ತಕ್ಕದ್ದು.

ಡ್ರೈವರನ್ನು ಕೆಡಿಸುವ ಕಾರಣಗಳು

ಮೊದಲನೆಯ ಕಾರಣ ಶಾಖ. ಡ್ರೈವರಿನೊಳಗೆ ಪುಟ್ಟ ಡಬ್ಬಿಯಂಥ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಒಂದಿರುತ್ತದೆ. ಅದರೊಳಗಿನ ದ್ರವವು ಶಾಖದಿಂದ ಮೆಲ್ಲಮೆಲ್ಲನೆ ಆರುತ್ತದೆ. ಇದರ ಶಾಖ 10 ಡಿಗ್ರಿ ತಗ್ಗಿದರೆ ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂಬುದು ತಜ್ಞರ ಲೆಕ್ಕ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳತಕ್ಕ ಕಂಡೆನ್ಸರು 85 ಡಿಗ್ರಿಯಲ್ಲಿ 20,000 ಗಂಟೆ ಬಾಳುತ್ತದೆ. ರಾತ್ರಿಗೆ 11 ಗಂಟೆ ಉರಿಯುವ ಬೀದಿದೀಪಕ್ಕೆ ಇದು ಸುಮಾರು ಐದು ವರ್ಷ. ಅದೇ ಸ್ಥಳದಲ್ಲಿ 2,000 ಗಂಟೆಯ ಅಗ್ಗದ ಕಂಡೆನ್ಸರನ್ನು ಇಟ್ಟು, ಗಾಳಿಯಾಡದ ಮುಚ್ಚಿದ ಗೂಡಿನಲ್ಲಿ 95 ಡಿಗ್ರಿ ಕಾಯಿಸಿದರೆ ಒಂದು ವರ್ಷವೇ ಅದರ ಗತಿ. ಆದುದರಿಂದ ದೀಪವನ್ನು ಗಾಜಿನ ಬುರುಡೆಯಲ್ಲಿ ಬಿಗಿಯಾಗಿ ಮುಚ್ಚಬಾರದು.

ಎರಡನೆಯದು ನ್ಯೂಟ್ರಲ್ ಕಡಿಯುವುದು. ಟ್ರಾನ್ಸ್‌ಫಾರ್ಮರಿನಿಂದ ಬರುವ ಮೂರು ಫೇಸುಗಳ ಪೈಕಿ ಎರಡರ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ತಂತಿಯು ಗಾಳಿಗೋ ತುಕ್ಕಿಗೋ ಕಡಿದರೆ, ಕೆಲವು ಮನೆಗಳಲ್ಲಿ ದೀಪ ಮಂಕಾಗಿ, ಬೇರೆ ಕೆಲವು ಮನೆಗಳಲ್ಲಿ ವೋಲ್ಟೇಜು 400ರ ಸಮೀಪಕ್ಕೆ ಏರುತ್ತದೆ. ಒಂದು ಕೇರಿಯ ದೀಪಗಳೆಲ್ಲ ಒಂದೇ ರಾತ್ರಿ ಸುಟ್ಟುಹೋಗುವುದಕ್ಕೆ ಇದು ಮುಖ್ಯ ಕಾರಣ. ಕೆಲವು ದೀಪ ಮಂಕಾಗಿಯೂ ಕೆಲವು ಅತಿಯಾಗಿಯೂ ಉರಿಯುವುದು ಕಂಡೊಡನೆ ಮುಖ್ಯಸ್ಥರು ಮನೆಮನೆಯ ಮೈನ್ ಸ್ವಿಚ್ಚನ್ನು ತೆಗೆಸಿ, ಮೆಸ್ಕಾಂನ 1912 ಸಂಖ್ಯೆಗೆ ತಿಳಿಸತಕ್ಕದ್ದು. ತಂತಿಯನ್ನು ಊರಿನವರು ತಾವಾಗಿ ಮುಟ್ಟಕೂಡದು.

ಮೂರನೆಯ ಕಾರಣಕ್ಕೆ ನಾವೇ ಹೊಣೆ. ಒಂದೇ ಫೇಸ್ ಇರುವ ವೇಳೆಯಲ್ಲಿ ಕಂಡೆನ್ಸರ್ ಜೋಡಿಸಿ ಮೂರು ಫೇಸಿನ ಪಂಪನ್ನು ಓಡಿಸುವ ಪದ್ಧತಿಯೊಂದುಂಟು. ಇದರಿಂದ ಆ ಲೈನಿನ ವೋಲ್ಟೇಜು ಕುಸಿಯುತ್ತದೆ. ಪಂಪು ನಿಂತೊಡನೆ ಥಟ್ಟನೆ ಮೇಲೇರುತ್ತದೆ. ತೋಟಕ್ಕೆ ನೀರು ಹರಿದ ಸಂತೋಷದಲ್ಲಿ ನೆರೆಮನೆಯ ದೀಪಗಳೂ, ತಮ್ಮದೇ ಮೋಟಾರೂ ಹಾಳಾಗುವುದನ್ನು ಜಮೀನುದಾರರು ಗಮನಿಸಬೇಕು.

ನಾಲ್ಕನೆಯದು ಸಿಡಿಲು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಲೈನಿನ ಮೇಲೆ ಸಾವಿರಾರು ವೋಲ್ಟಿನ ಹೊಡೆತ ಬರುತ್ತದೆ. ಬೀದಿದೀಪಗಳಿಗೆ 10 ಕಿಲೋವೋಲ್ಟ್ ಹೊಡೆತವನ್ನು ತಾಳಬಲ್ಲ ರಕ್ಷಕಗಳು ದೊರೆಯುತ್ತವೆ. ಆದರೆ ಇವು ಪ್ರತಿಯೊಂದು ಹೊಡೆತಕ್ಕೂ ಸವೆಯುವುದರಿಂದ ಕಾಲಕಾಲಕ್ಕೆ ಬದಲಾಯಿಸಬೇಕು. ಕಂಬದ ಅರ್ತಿಂಗ್ ಕೂಡ ಸರಿಯಾಗಿರಬೇಕು.

ಪ್ರಾಣಾಪಾಯದ ಎರಡು ಸಂಗತಿಗಳು

ಕಂಡೆನ್ಸರ್ ಬಗೆಯಲ್ಲಿಯೂ ಡಿ.ಓ.ಬಿ. ಬಗೆಯಲ್ಲಿಯೂ ಹರಳುಗಳು ಲೈನಿನಿಂದ ಬೇರ್ಪಟ್ಟಿರುವುದಿಲ್ಲ. ಮೇಲಿನ ಪ್ಲಾಸ್ಟಿಕ್ ಗುಂಬಜು ಒಡೆದ ದೀಪವು ಉರಿಯುತ್ತಲೇ ಇರಬಹುದು. ಆದರೆ ಆ ಹರಳನ್ನು ಮುಟ್ಟುವುದೆಂದರೆ ಲೈನನ್ನೇ ಮುಟ್ಟಿದಂತೆ. ಮಳೆಗಾಲದಲ್ಲಿ ಒದ್ದೆಯಾದ ಕೊಟ್ಟಿಗೆಯಲ್ಲಿ, ಬರಿಗಾಲಿನಲ್ಲಿ ಹಾಲು ಕರೆಯುವ ಹೆಣ್ಣುಮಕ್ಕಳಿಗೂ ದನಕರುಗಳಿಗೂ ಇದು ಮೃತ್ಯುಪ್ರಾಯವಾದುದು. ಒಡೆದ ದೀಪವನ್ನು ಆ ದಿನವೇ ತೆಗೆಯತಕ್ಕದ್ದು. ಕೊಟ್ಟಿಗೆಯ ಲೈನಿಗೆ 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವ ಆರ್.ಸಿ.ಸಿ.ಬಿ.ಯನ್ನು ಹಾಕಿಸುವುದು ಅತ್ಯಗತ್ಯ. ದುರಸ್ತಿ ಮಾಡುವವರು ಇನ್ನೊಂದನ್ನು ನೆನಪಿನಲ್ಲಿಡಬೇಕು: ಡ್ರೈವರಿನೊಳಗಿನ ಕಂಡೆನ್ಸರಿನಲ್ಲಿ ಸ್ವಿಚ್ ತೆಗೆದ ಮೇಲೂ 300 ವೋಲ್ಟಿಗೆ ಮಿಕ್ಕ ವಿದ್ಯುತ್ತು ಸ್ವಲ್ಪ ಕಾಲ ನಿಂತಿರಬಹುದು.

ಎರಡನೆಯದು ಮಿನುಗು. ಕೀಳಾದ ಡ್ರೈವರಿನ ದೀಪವು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಇದು ತೋರುವುದಿಲ್ಲ. ಮೊಬೈಲಿನ ಕ್ಯಾಮರಾದಿಂದ ನೋಡಿದರೆ ಕಪ್ಪು ಪಟ್ಟೆಗಳು ಸರಿದಾಡುತ್ತವೆ. ಇಂಥ ಬೆಳಕಿನಲ್ಲಿ ತಿರುಗುವ ಚಕ್ರವು ಕೆಲವು ವೇಗಗಳಲ್ಲಿ ನಿಂತಂತೆಯೋ, ನಿಧಾನವಾಗಿ ತಿರುಗುವಂತೆಯೋ ಭಾಸವಾಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯಲ್ಲಿ ಸುಲಿಯುವ ಯಂತ್ರವನ್ನೋ, ಮೇವು ಕತ್ತರಿಸುವ ಯಂತ್ರವನ್ನೋ ನಡೆಸುವ ಆಳು, ನಿಂತಿದೆಯೆಂದು ಭ್ರಮಿಸಿ ಕೈಯಿಟ್ಟರೆ ಬೆರಳು ಉಳಿಯದು. ಯಂತ್ರದ ಬಳಿ ಮಿನುಗದ ದೀಪವನ್ನೇ ಹಾಕಿಸುವುದು ಯಜಮಾನನ ಕರ್ತವ್ಯ.

ಗದ್ದೆಯ ಬೆಳಕಿನ ಬಲೆ

ಭತ್ತದ ಕಾಂಡಕೊರಕದ ಪತಂಗವು ರಾತ್ರಿ ಬೆಳಕಿಗೆ ಬರುತ್ತದೆ. ಅದರ ಮರಿಹುಳು ಸುಳಿಯನ್ನು ಒಣಗಿಸಿ, ಕಡೆಗೆ ಬಿಳಿತೆನೆಯನ್ನು ಉಂಟುಮಾಡುತ್ತದೆ. ಪತಂಗದ ಬರವನ್ನು ಮೊದಲೇ ತಿಳಿಯಲು ಸೌರಶಕ್ತಿಯ ಬೆಳಕಿನ ಬಲೆಯು ಅನುಕೂಲವಾದ ಸಾಧನ. ಕೀಟಗಳ ಕಣ್ಣು ನೇರಳಾತೀತ, ನೀಲಿ ಮತ್ತು ಹಸಿರು ಬೆಳಕಿಗೆ ಹೆಚ್ಚಾಗಿ ಸ್ಪಂದಿಸುವುದರಿಂದ, ನೇರಳಾತೀತವಿಲ್ಲದ ಮನೆಯ ಬಿಳಿ ಎಲ್.ಇ.ಡಿ.ಗಿಂತ ನೇರಳಾತೀತ ಎಲ್.ಇ.ಡಿ.ಯೇ ಬಲೆಗೆ ಲೇಸು.

ಇಲ್ಲಿಯೂ ಡ್ರೈವರಿನದೇ ಪ್ರಶ್ನೆ. 3.2 ವೋಲ್ಟಿನ ಮೂರು ಹರಳುಗಳನ್ನು ಸಾಲಾಗಿ ಜೋಡಿಸಿದರೆ 9.6 ವೋಲ್ಟ್ ಆಯಿತು. 12 ವೋಲ್ಟ್ ಬ್ಯಾಟರಿಗೆ ಬರಿಯ ರೆಸಿಸ್ಟರನ್ನು ಹಾಕಿದರೆ ಅದರ ಪಾಲಿಗೆ 2.4 ವೋಲ್ಟ್ ಉಳಿಯುತ್ತದೆ. ಬ್ಯಾಟರಿಯು ತುಂಬುವಾಗ 14.4ಕ್ಕೆ ಏರಿದರೆ ಈ ಪಾಲು 4.8 ಆಗಿ ಪ್ರವಾಹವು ಸುಮಾರು ಇಮ್ಮಡಿಸುತ್ತದೆ, 10.8ಕ್ಕೆ ಇಳಿದರೆ ಅರ್ಧವಾಗುತ್ತದೆ. ಪ್ರವಾಹವನ್ನು ಕಾಯುವ ಡ್ರೈವರ್ ಇದ್ದರೆ ಹರಳು ಸುಡುವುದೂ ಇಲ್ಲ, ಬೆಳಕು ಕುಂದುವುದೂ ಇಲ್ಲ. 3 ವ್ಯಾಟಿನ ಬಲೆಯನ್ನು ಸಂಜೆ 6ರಿಂದ 10ರವರೆಗೆ ಉರಿಸಿದರೆ 12 ವ್ಯಾಟ್-ಗಂಟೆ ವೆಚ್ಚ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಇರುವುದರಿಂದ, ಅರ್ಧದಷ್ಟನ್ನೇ ಬಳಸಿದರೂ ಮೋಡ ಕವಿದ ಮೂರು ದಿನ ನಡೆಯುತ್ತದೆ. ರಾತ್ರಿಯೆಲ್ಲ ಉರಿಸಿದರೆ ಉಪಕಾರಿ ಕೀಟಗಳೂ ಹೆಚ್ಚಾಗಿ ನಾಶವಾಗುವುವು.

ಕೊಳ್ಳುವಾಗ ನೋಡತಕ್ಕ ಅಂಶಗಳು

1. ಭಾರತೀಯ ಮಾನಕ ಬ್ಯೂರೋದ ಗುರುತು, ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬಲ್ಬಿಗೆ ಐ.ಎಸ್. 16102, ಪ್ರತ್ಯೇಕ ಡ್ರೈವರಿಗೆ ಐ.ಎಸ್. 15885 ಎಂಬುದು ಮಾನಕ.

2. ವೋಲ್ಟೇಜಿನ ಮಿತಿ 100ರಿಂದ 300ರಷ್ಟು ವಿಸ್ತಾರವಾಗಿರಬೇಕು. ಬೀದಿದೀಪಗಳಿಗೆ 400 ವೋಲ್ಟ್ ಬಂದರೂ ತಾಳತಕ್ಕ ಡ್ರೈವರನ್ನು ಕೇಳಿ ಪಡೆಯಬೇಕು.

3. ಡ್ರೈವರನ್ನು ಬದಲಾಯಿಸುವಾಗ ವ್ಯಾಟನ್ನು ಮಾತ್ರ ನೋಡದೆ, ಹೊರಹರಿವಿನ ಮಿಲಿ ಆಂಪಿಯರನ್ನೂ ವೋಲ್ಟೇಜನ್ನೂ ನೋಡಬೇಕು. 300 ಮಿಲಿ ಆಂಪಿಯರಿನ ದೀಪಕ್ಕೆ 600ರದನ್ನು ಹಾಕಿದರೆ ಕೆಲವು ದಿನ ಹೆಚ್ಚು ಬೆಳಗಿ ಬಳಿಕ ಸುಡುತ್ತದೆ.

4. ಡ್ರೈವರನ್ನು ಬಿಚ್ಚಿ ಬದಲಾಯಿಸಬಹುದಾದ ಬೀದಿದೀಪವನ್ನೇ ಪಂಚಾಯಿತಿಯವರು ಆರಿಸಬೇಕು. ಹೊಣೆಗಾರಿಕೆಯ ಅವಧಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಒಂದು ಗ್ರಾಮದಲ್ಲಿ 100 ಬೀದಿದೀಪಗಳಿದ್ದು, ಚೋಕ್ ಸಹಿತ 50 ವ್ಯಾಟಿನ ಹಳೆಯ ಟ್ಯೂಬ್ ದೀಪಗಳಿಗೆ ಬದಲಾಗಿ 20 ವ್ಯಾಟಿನ ಎಲ್.ಇ.ಡಿ. ಹಾಕಿದರೆ, ರಾತ್ರಿಗೆ 11 ಗಂಟೆಯಂತೆ 33 ಯೂನಿಟ್, ವರ್ಷಕ್ಕೆ ಸುಮಾರು 12,000 ಯೂನಿಟ್ ಉಳಿಯುತ್ತದೆ. ದೀಪಗಳು ವರ್ಷವರ್ಷವೂ ಸುಟ್ಟರೆ ಈ ಉಳಿತಾಯವು ಹೊಸ ದೀಪದ ಬೆಲೆಗೂ, ಕಂಬ ಹತ್ತುವ ಕೂಲಿಗೂ ಸಂದುಹೋಗುತ್ತದೆ; ಊರಿಗೆ ಉಳಿಯುವುದು ಕತ್ತಲೆ ಮಾತ್ರ. ಮುಂಗಾರಿನ ಗುಡುಗು ಆರಂಭವಾಗುವುದಕ್ಕೆ ಮೊದಲೇ ಮುಖ್ಯಸ್ಥರು ತಮ್ಮ ಗ್ರಾಮದ ಕಂಬಗಳ ಅರ್ತಿಂಗನ್ನೂ, ದೀಪಗಳ ರಕ್ಷಕಗಳನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕೆಂದು ವಿಜ್ಞಾಪನೆ.